ಏಳನೇ ಒಂದು ಪಾಲು

ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ
ಎಂದು ನಗುತ್ತಾರೆ ನಮ್ಮ ಕಡೆ.
ಟಲ್ಲಿಗೆ ಬಂದು ನೋಡಲಿ.
ಇಲ್ಲಿ ಗಾಳಿಯನ್ನು ಗುದ್ದಿದರೆ ನೀರು ಬರುತ್ತದೆ,
ಬಕೆಟ್ಟುಗಟ್ಟಲೆ,
ಎಣ್ಣೆಯ ಕಾಮನಬಿಲ್ಲು ತೇಲುವ ಬೂದು ನೀರು.

ಕ್ವೀನ್ಸ್‌ಲ್ಯಾಂಡಿನ ಈ ಊರಿಗೆ ಬಿಸಿಲಿನ ಜಂಬವಿಲ್ಲ.
ಪೇಟೆಯಲ್ಲಿ ಎರಡು ಮಾಳಿಗೆಯೆತ್ತರದ
ಚಿನ್ನದ ಬಣ್ಣದ ಗಂಬೂಟು ನಿಲ್ಲಿಸಿದ್ದಾರೆ,
ಒಂದು ವರ್ಷ ಸುರಿದ ಮಳೆಯಷ್ಟು ಎತ್ತರ;
ಹಸಿರು ಕಪ್ಪೆಯೊಂದು ಅದನ್ನು ಹತ್ತುತ್ತಲೇ ಇದೆ.
ಅದರಾಚೆ ಸಕ್ಕರೆ ಮಿಲ್ಲು, ಮಿಲ್ಲಿನ ಹಿಂದೆ ತಗಡಿನ ಶೆಡ್ಡು,
ಶೆಡ್ಡಿನೊಳಗೆ ನಾನು,
ಗಾಳಿ ಒಣಗಿಸುವವಳು.

ಮುಧೋಳದ ಕಾರ್ಖಾನೆಯಲ್ಲಿ ಕಲಿತ ಕೆಲಸ.
ಅಲ್ಲಿ ಏಪ್ರಿಲ್‌ನಲ್ಲಿ ಡ್ರೇನ್ ಕಾಕ್ ತಿರುವಿದರೆ
ಬರೀ ಧೂಳಿನ ಕೆಮ್ಮು.

ಸಡಿಲವಾಗಿರುವ ಗಾಳಿ ತನ್ನ ನೀರನ್ನು ಯಾರಿಗೂ ತೋರಿಸುವುದಿಲ್ಲ.
ಎಂಟು ಪಾಲನ್ನು ಒಂದರ ಜಾಗಕ್ಕೆ ತುರುಕಿ,
ತಣ್ಣಗೆ ಮಾಡಿ,
ಬಾಯಿಬಿಡುತ್ತದೆ.
ಆದರೂ ಸ್ವಲ್ಪ ಉಳಿಸಿಕೊಂಡಿರುತ್ತದೆ.
ಆ ಸ್ವಲ್ಪವೇ ಬೆರಳುಗಾತ್ರದ ಪೈಪುಗಳಲ್ಲಿ ತೆವಳಿ
ವಾಲ್ವಿನ ಗಂಟಲಿಗೆ ತುಕ್ಕು ತುಂಬುವುದು.
ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಇಟ್ಟ ಕೈಗೆ
ಅವ್ವ ಸುಮ್ಮನೆ ಹೊಡೆಯುತ್ತಿರಲಿಲ್ಲ.

ಅದಕ್ಕೇ ಈ ಜೋಡಿ ಗೋಪುರ,
ಹೊಟ್ಟೆ ತುಂಬ ಸಾಬುದಾಣಿಯಂಥ ಬಿಳಿ ಗುಂಡು.
ಒಂದು ನೀರು ಕುಡಿಯುವಾಗ ಇನ್ನೊಂದು ಒಣಗುತ್ತದೆ.
ಒಣಗುವುದು ಹೇಗೆ?
ದುಡಿಯುವ ಗೋಪುರ ತಾನು ಒಣಗಿಸಿದ ಗಾಳಿಯಲ್ಲೇ
ಏಳನೇ ಒಂದು ಪಾಲನ್ನು
ಪಕ್ಕದ್ದಕ್ಕೆ ಬಿಟ್ಟುಕೊಡುತ್ತದೆ.
ಐದು ನಿಮಿಷಕ್ಕೊಮ್ಮೆ ಸರದಿ ಬದಲು,
ಬುಸ್ಸೆಂದು ಒಂದು ಉಸಿರು.

ಆ ಬುಸ್ಸು ಕೆರಿನ್ ಹ್ಯಾಲೊರನ್‌ಗೆ ಹಿಡಿಸಲಿಲ್ಲ.
ಕಿವಿಯಲ್ಲಿ ಹಳದಿ ಸ್ಪಂಜು, ಕೈಯಲ್ಲಿ ಲೆಕ್ಕದ ಹಾಳೆ:
"ಇದು ದುಡ್ಡು ಸೋರುವ ಸದ್ದು."
ಮೇ ತಿಂಗಳಲ್ಲಿ ಸ್ಕ್ರೂ ಮೂರು ಸುತ್ತು ಬಿಗಿಸಿದೆವು.
ಬಿಗಿಸಿದೆವು ಅನ್ನುವುದೇಕೆ,
ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತು.
ಕರೆಂಟ್ ಬಿಲ್ಲು ಇಳಿಯಿತು. ಆಕೆ ಕೇಕು ತಂದಳು.
ಚೆನ್ನಾಗಿತ್ತು ಕೇಕು.

ಆಗಸ್ಟಿನ ಒಂದು ರಾತ್ರಿ
ಕಬ್ಬಿನ ಪುಟ್ಟ ರೈಲುಗಳು ಗೇಟಿನಾಚೆ ಸಾಲುಗಟ್ಟಿದ್ದಾಗ
ಮೂರನೇ ಪ್ಯಾನಿನ ಸ್ಟೀಮ್ ವಾಲ್ವು ಅರ್ಧಕ್ಕೇ ಬಿಕ್ಕಳಿಸಿತು.
ಆಮೇಲೆ ನಾಲ್ಕನೆಯದು.
ರಸ ಪಾಕವಾಗದೆ ನಿಂತಿತು.
ಡಾರಿಯೊ ಬೆಲ್ಟ್ರಾಮೆ ರೆಗ್ಯುಲೇಟರ್ ಬಿಚ್ಚಿ
ಅಂಗೈ ಮೇಲೆ ಮಗುಚಿದ: ಚಹಾ ಬಣ್ಣದ ನೀರು.
ಮೂಸಿದ.
ನನ್ನ ಮುಖ ನೋಡಲಿಲ್ಲ.

ಬೆಳಗಿನ ಜಾವ ಮೂರಕ್ಕೆ ಗೋಪುರದ ಮುಚ್ಚಳ ತೆಗೆದೆವು.
ಗುಂಡುಗಳೆಲ್ಲ ಹಿಟ್ಟಾಗಿ, ಒಂದಕ್ಕೊಂದು ಅಂಟಿ,
ತಣಿದು ಗಟ್ಟಿಯಾದ ಪಾಯಸ.
ಇದೇ ಶೆಡ್ಡಿನಲ್ಲಿ ಕಿವಿ ಕಳೆದುಕೊಂಡ ಡಾರಿಯೊ
ಕೂಗಿದ (ಅವನ ಮಾತೆಲ್ಲ ಕೂಗೇ):
"ಕುಡಿಯಲಾರೆ ಅಂತ ಇದು ಯಾವತ್ತೂ ಅಂದಿಲ್ಲ.
ಒಣಗೋಕೆ ಬಿಟ್ಟವರು ಯಾರು?"

ಮಾತು ಗೋಪುರದ್ದು.
ಆದರೂ ಹನ್ನೊಂದನೇ ರಾತ್ರಿಪಾಳಿಯಲ್ಲಿದ್ದ ನಾನು
ಸಲಿಕೆ ಹಿಡಿದು ಸ್ವಲ್ಪ ಹೊತ್ತು ನಿಂತೇ ಇದ್ದೆ.

ಹೊಸ ಗುಂಡು ಸುರಿದೆವು, ಗೋಪುರಕ್ಕೆ ಆರು ಚೀಲ.
ಸ್ಕ್ರೂ ಮೂರು ಸುತ್ತು ಸಡಿಲಿಸಿದೆ.
ಇನ್ನೂ ಕಾಲು ಸುತ್ತು, ಯಾರಿಗೂ ಹೇಳದೆ.
ಕಂಟ್ರೋಲ್ ರೂಮಿನ ಪರದೆಯಲ್ಲಿ
ಇಬ್ಬನಿ ಬಿಂದು ಇಳಿಯತೊಡಗಿತು,
ಹತ್ತು, ಸೊನ್ನೆ, ಮೈನಸ್ ಏಳು.
ಏಳು ಗಂಟೆಗೆ ಮೈನಸ್ ಹತ್ತೊಂಬತ್ತು.
ನಲವತ್ತಕ್ಕೆ ಇನ್ನೂ ದೂರ,
ಆದರೆ ವಾಲ್ವುಗಳು ಒಪ್ಪಿಕೊಂಡವು.

ಏಸಿಯಿಂದ ಹೊರಬಂದೆ. ಕನ್ನಡಕ ಕುರುಡಾಯಿತು.
ಕಾರಿಗೆ ಅರವತ್ತು ಹೆಜ್ಜೆ, ಅಷ್ಟರಲ್ಲೇ
ಅಂಗಿ ಬೆನ್ನಿಗೆ ಅಂಟಿತು.
ಮಳೆಯಿರಲಿಲ್ಲ ಆಗ.
ಬರೀ ಗಾಳಿ,
ಯಾರೂ ಇನ್ನೂ ಗುದ್ದದ ಗಾಳಿ,
ಕಬ್ಬಿನ ಗದ್ದೆಗಳ ಮೇಲೆ
ತನ್ನದೆಲ್ಲವನ್ನೂ ಒಳಗಿಟ್ಟುಕೊಂಡು.

ಹಿಂದೆ ಶೆಡ್ಡಿನಲ್ಲಿ
ಬುಸ್.