ಹೊಸ ಎಂಜಿನ್, ಹಳೆಯ ದೀಪ

ರುಸ್ತಾವಿ ಸಂತೆಯಲ್ಲಿ ಚೌಕಾಸಿ ಮಾಡಿ ತಂದ ಎಂಜಿನ್,
ಜಪಾನಿನ ಯಾರದೋ ಜಜ್ಜಿಹೋದ ವ್ಯಾನಿನದು.
ಎರಡು ಹಗಲು ಒಂದು ರಾತ್ರಿ ಸರಪಳಿಗೆ ತೂಗುಹಾಕಿ
ನುಗ್ಜಾರನ ಡೆಲಿಕಾದ ಹೊಟ್ಟೆಗೆ ಇಳಿಸಿದೆ.
ಕೀಲಿ ತಿರುಗಿಸಿದ ಏಟಿಗೇ ಗುರ್ರೆಂದಿತು.
ಅವನು ನನ್ನ ಎಣ್ಣೆಗೈಗೆ ಮುತ್ತಿಟ್ಟ.
ಮೂರನೇ ದಿನ ಫೋನು:
"ಎಲಿಜ್ಬಾರ್, ಕೆಂಪು ದೀಪ."

ಹಳೆಯದು ಸತ್ತದ್ದು ಹಾಗೆಯೇ. ಕಾದು, ಕುದಿದು, ಹೆಡ್ಡು ಸೀಳಿ.
ಪಾಪ, ದೀಪ ಆ ಸಾವನ್ನು ಇನ್ನೂ ಮರೆತಿಲ್ಲ ಅಂದುಕೊಂಡೆ.
ಸೆನ್ಸರ್ ಬದಲಿಸಿದೆ. ಮತ್ತೊಂದು. ಇನ್ನೂ ಒಂದು.
ತಂತಿಯ ಬೆನ್ನು ಹತ್ತಿ ಗೇಣು ಗೇಣೂ ಸುಲಿದೆ.
ಅಲ್ವಾನಿಯ ಬಯಲಲ್ಲಿ ತುಟಿ ಪಿಟಕ್ಕೆನ್ನದು;
ಅಬಾನೊ ಏರಿದರೆ, ಏಳನೇ ತಿರುವಿಗೆ, ಹತ್ತಿತೇ.
"ಸುಳ್ಳು ಬೊಗಳುತ್ತಿದೆ" ಎಂದು ಕರಿ ಟೇಪು ಅಂಟಿಸಿದೆ.
ಕೂಲಿ ಅರ್ಧವೇ ತೆಗೆದುಕೊಂಡೆ, ಅಷ್ಟು ಮಾನ ಇತ್ತು.

ಕುರಿಗಳು ಮೇಲೇರುವ ವಾರ ನಾನೂ ಹತ್ತಿ ಕೂತೆ.
ಹಿಂದೆ ಎರಡು ಮೂಟೆ ಹಿಟ್ಟು, ಒಂದು ಗ್ಯಾಸ್ ಸಿಲಿಂಡರು,
ಚೀಸು ತುಂಬುವ ಖಾಲಿ ಕುರಿದೊಗಲುಗಳು,
ಮಕ್ವಾಲಾ, ಅವಳ ತೊಡೆಯಲ್ಲಿ ನಾಲ್ಕು ತಿಂಗಳ ಮೊಮ್ಮಗ.
ಬಲಕ್ಕೆ ರಸ್ತೆ ಮುಗಿದು ಮೋಡ ಶುರು.
ಟೇಪಿನ ಅಂಚಿನಿಂದ ಕೆಂಪು ಸೋರುತ್ತಿತ್ತು
ಬೆರಳ ಸಂದಿಯ ಟಾರ್ಚಿನ ಹಾಗೆ.
ನಾನು ಕಾಣದವನಂತೆ ಕೂತೆ. ನುಗ್ಜಾರನೂ.
"ಏನದು?"
"ಸುಮ್ಮನೆ, ಅಜ್ಜಿ."
"ಸುಮ್ಮಸುಮ್ಮನೆ ಯಾರೂ ಅಳುವುದಿಲ್ಲ."

ನಿಲ್ಲಿಸಿದೆವು. ಹೀಟರಿಗೆ ಕೈ ಒಡ್ಡಿದೆ, ತಣ್ಣಗೆ!
ಎಂಜಿನ್ ಕುದಿಯುತ್ತಿದ್ದರೆ ಇದೇಕೆ ತಣ್ಣಗೆ?
ಹಿಂದೆ ಮಗು ಅಜ್ಜಿಯ ಹೆಗಲಿಗೆ ಬಿದ್ದಿತ್ತು,
ಬೆನ್ನು ತಟ್ಟುತ್ತಿದ್ದಳು, ಡರ್ರೆಂದು ತೇಗಿತು.
ಆಗ ಹೊಳೆಯಿತು. ಹೇಳಲು ನಾಚಿಕೆ.
ನೀರು ತುಂಬಿಸಿದ ದಿನವೇ ಗಾಳಿ ಒಳಗುಳಿದಿದೆ,
ಬಯಲಲ್ಲಿ ಎಲ್ಲೋ ಮಲಗಿರುತ್ತದೆ,
ಏರಿನಲ್ಲಿ ಎದ್ದು ಸೆನ್ಸರಿನ ಬಾಯಿಗೇ ಬಂದು ಕೂರುತ್ತದೆ.

ಗಂಟೆ ಹೊತ್ತು ಆರಬಿಟ್ಟೆವು. ಮೂಗು ಬೆಟ್ಟದ ಕಡೆಗೆ, ಚಕ್ರಕ್ಕೆ ಕಲ್ಲು.
ಚಿಂದಿ ಸುತ್ತಿ ಮುಚ್ಚಳ ತಿರುಚಿ
ರಬ್ಬರ್ ಕೊಳವೆ ಹಿಂಡಿದೆ, ಹಿಂಡಿದೆ.
ಗುಳ್. ಗುಳ್.
ಆಮೇಲೊಂದು ದೊಡ್ಡದು.
"ನೂರು ವರ್ಷ ಬಾಳು" ಎಂದಳು ಮಕ್ವಾಲಾ,
ಮಗುವಿಗೋ ವ್ಯಾನಿಗೋ ತಿಳಿಯಲಿಲ್ಲ.
ತೊರೆಯ ನೀರು ಮೂರು ಲೀಟರು ಹಿಡಿಯಿತು.

ಈಗ ದೀಪ ಹತ್ತುವುದಿಲ್ಲ.
ಟೇಪು ಕಿತ್ತ ಅಂಟಿಗೆ ಧೂಳು ಕೂತು ಚೌಕವೊಂದು ಉಳಿದಿದೆ.
ಬೆಳಿಗ್ಗೆ ಕೀಲಿ ತಿರುಗಿಸಿದಾಗ ಎಲ್ಲ ದೀಪಗಳೂ
ಒಂದು ಗಳಿಗೆ ಹತ್ತಿ ಆರುತ್ತವಲ್ಲ,
ನುಗ್ಜಾರ ಎರಡೆರಡು ಸಲ ತಿರುಗಿಸುತ್ತಾನೆ,
ಕೆಂಪು ಇನ್ನೂ ಇದೆಯೋ ನೋಡಲು.