ದೀರ್ಘ

ಥೆಲ್ಮಾ ಹ್ರಿಚಾಕ್‌ಳ ಹನ್ನೊಂದು ಕಾದಂಬರಿಗಳಲ್ಲಿ
ಸತ್ತವರ ಪಟ್ಟಿ ನನ್ನ ಬಳಿ ಇದೆ.
ಯಾರು, ಯಾವ ಪುಟ, ಯಾವ ಸೇತುವೆಯ ಕೆಳಗೆ,
ಪೂರ್ತಿ ಸತ್ತರೋ ಅರೆಬರೆಯೋ.
ಕೆಂಪು ಪೆನ್ಸಿಲ್ಲಿನ ಕೂಲಿ ನನ್ನದು.
ಮೂರನೆಯದರಲ್ಲಿ ಎಡಗೈ ಕಳಕೊಂಡ ಟ್ರಾಮ್ ಕಂಡಕ್ಟರ್
ಐದನೆಯದರಲ್ಲಿ ಚಪ್ಪಾಳೆ ತಟ್ಟಿದರೆ
ಫೋನು ಮಾಡಬೇಕಾದವಳು ನಾನು.
"ಮತ್ತೆ ಚಿಗುರಿರಬಹುದು ಬಿಡೇ" ಅನ್ನುತ್ತಿದ್ದಳು
ಬಾಯಲ್ಲಿ ಏನೋ ಅಗಿಯುತ್ತ.

ಪಿಟ್ಸ್‌ಬರ್ಗಿನಲ್ಲಿ ಮೆಟ್ಟಿಲುಗಳಿಗೂ ಬೀದಿಯ ಹೆಸರಿದೆ.
ನಕಾಶೆ ನಂಬಿ ಕಾರಿನಲ್ಲಿ ಬಂದವರು
ಗುಡ್ಡದ ಬುಡದಲ್ಲಿ ಪೆಚ್ಚಾಗುತ್ತಾರೆ:
ಬೀದಿ ಎದ್ದು ನಿಂತಿದೆ.
ಅಂಥ ಒಂದು ಬೀದಿಯ ತುದಿಯಲ್ಲಿ ಅವಳ ಮನೆ.
ಎಣಿಸಿದ್ದೇನೆ, ನೂರ ಎಂಟು ಮೆಟ್ಟಿಲು.
ಪುಸ್ತಕದಲ್ಲಿ ನೂರ ಹನ್ನೊಂದು.
ಪ್ರತಿ ಸಲ ತಿದ್ದಿದೆ, ಪ್ರತಿ ಸಲ ಅಳಿಸಿದಳು.
"ಆ ಮೂರು ರಾತ್ರಿ ಮಾತ್ರ ಇರುತ್ತವೆ.
ನೀನು ಬರುವುದು ಹಗಲು ಹೊತ್ತು."

ಶಾಲೆಯ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ
ಆಲೂಗಡ್ಡೆ ಹಿಸುಕಿದವಳು.
ಮೊದಲ ಪುಸ್ತಕ ಬರೆದದ್ದು
ಊಟದ ಮೆನು ಹಾಳೆಗಳ ಬೆನ್ನಿಗೆ.
ಅದರಲ್ಲಿ ಉಕ್ಕಿನ ಕುಲುಮೆಗಳು ಆರಿದ ಮಾರನೆಯ ದಿನ
ಕುಲುಮೆಯೊಳಗಿನ ಬೆಂಕಿಭೂತಗಳೆಲ್ಲ
ನಿರುದ್ಯೋಗ ಕಚೇರಿಯ ಮುಂದೆ ಸಾಲು ನಿಲ್ಲುತ್ತವೆ.
ಗುಮಾಸ್ತ ಕೇಳುತ್ತಾನೆ: ಅನುಭವ?
ಭೂತ ಹೇಳುತ್ತದೆ: ನಾಲ್ಕು ಸೇತುವೆ, ಒಂದು ಯುದ್ಧ.
ಬೇರೆ ಕೆಲಸ ಏನು ಬರುತ್ತದೆ?
ಭೂತ ಟೋಪಿ ತಿರುಗಿಸುತ್ತ ಸುಮ್ಮನಿರುತ್ತದೆ.
ಆ ಟೋಪಿ ಅವಳ ಅಪ್ಪನದಂತೆ.
ಇಷ್ಟು ಮಾತ್ರ ಹೇಳಿದಳು. ನಾನೂ ಕೆದಕಲಿಲ್ಲ.

ಎರಡನೆಯದರಲ್ಲಿ ಮೊನಾಂಗಹೀಲ ನದಿ
ಒದ್ದೆ ಓವರ್‌ಕೋಟು ತೊಟ್ಟು ಕೊನೆಯ ಬಸ್ಸು ಹತ್ತಿ,
ಚಿಲ್ಲರೆ ಇಲ್ಲದೆ ನಿಲ್ಲುತ್ತಾಳೆ.
ನಾಲ್ಕನೆಯದು ಚೆನ್ನಾಗಿಲ್ಲ. ಅವಳಿಗೂ ಗೊತ್ತು.
ಆರನೆಯದರ ಬಗ್ಗೆ ಪತ್ರಿಕೆಯೊಂದು
"ವಾಸ್ತವದಿಂದ ಪಲಾಯನ" ಎಂದು ಬರೆದಾಗ
ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.
"ಓಡಿಹೋಗುವುದಾಗಿದ್ದರೆ ಸಪಾಟಾದ ಊರಿಗೆ ಓಡುತ್ತಿದ್ದೆ,
ಈ ಮೊಣಕಾಲು ಇಟ್ಟುಕೊಂಡು ಇಲ್ಲಿರುತ್ತಿದ್ದೆನೇ?"

ಒಂದು ಸಂಜೆ, ಎಂಟನೆಯದರ ಕರಡಿನ ಮೇಲೆ ಸೂಪು ಚೆಲ್ಲಿ
ಪುಟ ಒಣಗಲೆಂದು ಕಾಯುತ್ತ ಕೂತಾಗ
ತಿಪಟೂರಿನ ನನ್ನ ಚಿಕ್ಕಮ್ಮನ ಕಥೆ ಹೇಳಿದೆ:
ರಾತ್ರಿ ಬಂದು ಪರಿಚಯದ ದನಿಯಲ್ಲಿ ಕೂಗುವ ದೆವ್ವ,
ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ನಾಳೆ ಬಾ",
ಓದಿಕೊಂಡು ಹೋಗುವುದು, ಮರುದಿನ ಬಂದು ಮತ್ತೆ ಓದುವುದು.
ಥೆಲ್ಮಾ ಚಮಚ ಕೆಳಗಿಟ್ಟಳು.
"ಎಂಥ ವಿಧೇಯ ದೆವ್ವ!
ನನ್ನ ಪ್ರಕಾಶಕನಿಗೆ ಯಾರಾದರೂ ಕಲಿಸಬಾರದೆ?"
ಈ ಊರಿನ ದೆವ್ವಕ್ಕೆ ಕನ್ನಡ ಬರುವುದಿಲ್ಲವಲ್ಲ, ಅಂದೆ.
"ಅದಕ್ಕೇ ಇನ್ನೂ ಒಳ್ಳೆಯದು.
ಅರ್ಥವಾಗದ್ದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತದೆ,
ಅಷ್ಟರಲ್ಲಿ ಬೆಳಗಾಗುತ್ತದೆ."

ಹಾಗೆ, ಇನ್ನೂರ ಮೂವತ್ತನೇ ಪುಟದಲ್ಲಿ,
ಇಂಗ್ಲಿಷಿನ ಕಡ್ಡಿಸಾಲುಗಳ ನಡುವೆ
ಮೂರು ಗುಂಡು ಅಕ್ಷರ ಬಂದು ಕೂತವು.
ಅಚ್ಚಿನವನು ಏನೋ ಕಲೆ ಎಂದು ಎರಡು ಬಾರಿ ಅಳಿಸಿದ್ದ.
ಮೂರನೆಯ ಬಾರಿ ನಾನೇ ಹೋಗಿ ನಿಂತೆ.

ಹನ್ನೆರಡನೆಯದು ಮುಗಿದಿಲ್ಲ.
ಕಳೆದ ಫೆಬ್ರವರಿ, ಅವಳನ್ನು ಆಸ್ಪತ್ರೆಗೆ ಒಯ್ದ ರಾತ್ರಿ,
ಬೆಕ್ಕಿಗೆ ಊಟ ಹಾಕಲು ಹತ್ತಿದೆ.
ಮಂಜುಗಡ್ಡೆ, ಕಂಬಿ ಹಿಡಿದು ಒಂದೊಂದೇ.
ನೂರ ಎಂಟಾಯಿತು. ಬಾಗಿಲು ಸಿಗಲಿಲ್ಲ.
ತಪ್ಪಿರಬೇಕು ಎಣಿಕೆ, ಉಸಿರು ಕಟ್ಟಿತ್ತು.

ಬಾಗಿಲ ಮೇಲೆ ಅವಳ ಸೊಟ್ಟ ಕೈಬರಹ,
ನೋಡಿ ನೋಡಿ ಬಿಡಿಸಿದ್ದು:
ನಾಳೆ ಬ
ಅಷ್ಟೇ. ಸುಣ್ಣದ ತುಂಡು ಹೊಸ್ತಿಲಲ್ಲಿ ಮುರಿದು ಬಿದ್ದಿದೆ.
ಬ ಅಂದರೆ ಏನೂ ಅಲ್ಲ.
ಬರಬೇಡ ಎಂದೂ ಆಗಬಹುದು,
ಬಂತು ಎಂದೂ.

ಹನ್ನೊಂದು ಪುಸ್ತಕ ತಿದ್ದಿದ ಕೈ.
ಕೈಚೀಲ ಕೆಳಗಿಟ್ಟು
ದೀರ್ಘ ಎಳೆದೆ.

ಒಳಗೆ ಏನೋ ಬಾಗಿಲು ಕೆರೆಯಿತು.
ಬೆಕ್ಕೇ ಇರಬೇಕು.