ವಿಂಚೆಸ್ಟರ್‌ನಲ್ಲಿ ಪುನರ್ವಸು

ಆರು ಪೆಟ್ಟಿಗೆ. ಬಣ್ಣ ಬಳಿದವು, ಕಿರೀಟ ಹೊತ್ತವು,
ಹಾರ್ಮೋನಿಯಮ್ಮಿಗಿಂತ ಒಂದೆರಡು ಗೇಣು ಉದ್ದ.
ಒಳಗೆ ದೊರೆಗಳು.

ಯಾರ್ಯಾರು? ಅಂದೆ.
ಎಡ್ವಿನಾ ಹ್ಯಾಲೆಟ್, ಎಪ್ಪತ್ತೊಂದು, ಸಂಬಳವಿಲ್ಲದ ಗೈಡು,
ಕನ್ನಡಕ ಒರೆಸುತ್ತ ನಕ್ಕಳು:
ಹೆಸರು ಹಲಗೆಯ ಮೇಲಿದೆ, ಒಳಗಿನ ಲೆಕ್ಕ ಬೇರೆ.
ಅಂತರ್ಯುದ್ಧದ ಸಿಪಾಯಿಗಳು ನುಗ್ಗಿ
ಅರಸರ ತೊಡೆಮೂಳೆ ಎತ್ತಿ
ಬಣ್ಣದ ಗಾಜಿಗೆ ಬೀಸಿದರಂತೆ.
ಆಮೇಲೆ ಆಯ್ದು ತುಂಬಿದವರಿಗೆ
ಯಾರ ಕಾಲು ಯಾರದೆಂದು ಹೇಗೆ ಗೊತ್ತು?

ಅಂದರೆ, ಗೆದ್ದವನ ತಲೆ
ಸೋತವನ ಮಗ್ಗುಲಲ್ಲಿ,
ನಡುವೆ ಯಾವನೋ ಬಿಷಪ್ಪಿನ ಬೆರಳು.

ರಾಜಧಾನಿ ಲಂಡನ್ನಿಗೆ ಹೋಯಿತು
ಬಾಡಿಗೆ ಮನೆ ಬದಲಿಸಿದ ಹಾಗೆ, ಸದ್ದಿಲ್ಲದೆ,
ಖಜಾನೆ ಮೊದಲು, ಗುಮಾಸ್ತರು ಆಮೇಲೆ.
ಇಚನ್ ಹೊಳೆ ಮಾತ್ರ ಹೋಗಲಿಲ್ಲ.
ತಳದ ಕಲ್ಲು ಎಣಿಸಬಹುದು, ಅಷ್ಟು ತಿಳಿ;
ಮಳೆಗಾಲಕ್ಕೆ ಚರ್ಚಿನ ನೆಲಮಾಳಿಗೆಗೂ ಬಂದು
ಮೊಣಕಾಲುದ್ದ ನಿಲ್ಲುತ್ತದಂತೆ.

ಕೋಟೆಯ ಗೋಡೆಗೆ ನೇತುಹಾಕಿದ ದುಂಡು ಮೇಜು
ಗಡಿಯಾರದ ಹಾಗಿದೆ, ಮುಳ್ಳಿಲ್ಲ.
ಸುಳ್ಳು ಮೇಜು, ಅಂದಳು ಎಡ್ವಿನಾ,
ಆದರೆ ಏಳುನೂರು ವರ್ಷ ಹಳೆಯ ಸುಳ್ಳು.

ಹೊರಗೆ, ಹುಲ್ಲಿನ ಅಂಚಿನಲ್ಲಿ,
ಒಬ್ಬ ಸಂತನ ಖಾಲಿ ಗುರುತು.
ಸೂರಿನ ಹನಿ ಬೀಳುವಲ್ಲಿ,
ಜನ ತುಳಿದು ಹೋಗುವಲ್ಲಿ ಹೂಳಿ ಎಂದಿದ್ದನಂತೆ;
ಗೌರವಕ್ಕೆಂದು ಒಳಗೆ ತಂದರು. ಮುನಿದ.
ಇಂದು ಅವನ ದಿನ. ಇಂದು ಹುಯ್ದರೆ
ನಲವತ್ತು ದಿನ ಬಿಡುವುದಿಲ್ಲ.

ನಮ್ಮಲ್ಲಿ ಈಗ ಪುನರ್ವಸು, ಅಂದೆ.
ಅವಳಿಗೆ ಆ ಹೆಸರು ತುಂಬ ಹಿಡಿಸಿತು,
ಎರಡು ಸಲ ತಪ್ಪಾಗಿ ಹೇಳಿದಳು.

ಅವನೂ ಪೆಟ್ಟಿಗೆಯಲ್ಲಿದ್ದಾನೆಯೆ?
ಇಲ್ಲ. ಅವನ ಒಂದು ಹಲ್ಲೂ ಸಿಕ್ಕಿಲ್ಲ.

ಒರೆಸಿದ ಕನ್ನಡಕದ ಮೇಲೆ
ಒಂದು ಹನಿ.
ಕೊಡೆ ಇಬ್ಬರೂ ತಂದಿರಲಿಲ್ಲ.